ಚಿಪ್ ಲೇಔಟ್‌ನಲ್ಲಿ ಉಳಿದ ತುಂಡು ವೈರು: ಕೈಯಲ್ಲಿ ಅಳಿಸೋದಾ, ಇಡೀ ನೆಟ್ ಕಿತ್ತು ಹಾಕೋದಾ?

ಇಸಿಒ (ಡಿಸೈನ್‌ಗೆ ಕೊನೆಯಲ್ಲಿ ಮಾಡೋ ಸಣ್ಣ ತಿದ್ದುಪಡಿ) ಆದಮೇಲೆ ಸೆಲ್ (ಲಾಜಿಕ್ ಗೇಟಿನಂಥ ಬ್ಲಾಕ್) ಹೋಯ್ತು, ಮೆಟಲ್-3ರ (ಮೂರನೇ ಲೋಹದ ಪದರದ) ವೈರ್ ತುಂಡು ಮಾತ್ರ ವಯಾ (ಪದರಗಳನ್ನು ಜೋಡಿಸೋ ಕೊಂಡಿ) ಸಮೇತ ನೇತಾಡ್ತಿದೆ, ಏನು ಮಾಡ್ಲಿ ಅಂತ ಕೇಳಿದ್ದೀರಿ.

ಹತ್ತಿಪ್ಪತ್ತು ತುಂಡಾದರೆ ಕೈಯಲ್ಲೇ ಅಳಿಸಿ. ಮಿಕ್ಕ ರೂಟಿಂಗ್ (ವೈರ್‌ಗಳ ದಾರಿ) ಅಲುಗಾಡಲ್ಲ. ಆದರೆ ವೈರ್ ಅಳಿಸಿ ವಯಾ ಮರೆಯೋದು ಮಾಮೂಲು. ನಾನೂ ಮರೆತು, ಡಿಆರ್‌ಸಿಯಲ್ಲಿ (ಲೇಔಟ್ ನಿಯಮಗಳ ತಪಾಸಣೆಯಲ್ಲಿ) ಕನಿಷ್ಠ ವಿಸ್ತೀರ್ಣದ ದೋಷ ನೋಡಿ ತಲೆ ಕೆರೆದುಕೊಂಡಿದ್ದೇನೆ.

ಸಾವಿರಗಟ್ಟಲೆ ಇದ್ದರೆ ಆ ನೆಟ್‌ಗಳನ್ನು (ನೆಟ್ ಅಂದ್ರೆ ಒಂದೇ ಸಿಗ್ನಲ್ ಒಯ್ಯೋ ಇಡೀ ಸಂಪರ್ಕ) ಪೂರ್ತಿ ಕಿತ್ತು ಮತ್ತೆ ರೂಟ್ ಮಾಡಿಸೋದೇ ಸಲೀಸು. ಇನ್ನೋವಸ್ ಅನ್ನೋ ಲೇಔಟ್ ಟೂಲ್‌ನಲ್ಲಿ ಎಡಿಟ್‌ಡಿಲೀಟ್ ಕಮಾಂಡ್‌ಗೆ ನೆಟ್ ಹೆಸರು ಕೊಟ್ಟರಾಯ್ತು. ತೊಂದರೆ ಏನಪ್ಪಾ ಅಂದ್ರೆ, ವೈರ್ ಹೊಸ ದಾರಿ ಹಿಡಿದು ಟೈಮಿಂಗ್ (ಸಿಗ್ನಲ್ ತಲುಪೋ ವೇಳೆ) ಕೆಡಬಹುದು. ಟೇಪೌಟ್ (ಡಿಸೈನನ್ನು ತಯಾರಿಕೆಗೆ ಕಳಿಸೋದು) ಹತ್ತಿರವಿದ್ದಾಗ, ಅದರಲ್ಲೂ ಕ್ಲಾಕ್ ನೆಟ್ ಮೇಲೆ, ನಾನಂತೂ ಇದಕ್ಕೆ ಕೈ ಹಾಕಲ್ಲ.

ಪವರ್ ಸ್ಟ್ರಾಪ್‌ನ (ವಿದ್ಯುತ್ ಒಯ್ಯೋ ಅಗಲ ಪಟ್ಟಿಯ) ನೇತಾಡೋ ಬಾಲಕ್ಕೆ ಟ್ರಿಮ್ ಕಮಾಂಡ್ ಸಾಕು. ಯಾವ ದಾರಿ ಹಿಡಿದರೂ ಕೊನೆಗೆ ಕನೆಕ್ಟಿವಿಟಿ ಚೆಕ್ ಓಡಿಸಿ.