ಇಲಿ ಓಡಿಸುವ ಡಬ್ಬಿಗೆ ಒಂದು ಸ್ಟಾರ್, ತಂತಿ ಜಾಲರಿಗೆ ನಾಲ್ಕೂವರೆ

ಅಡುಗೆ ಕಟ್ಟೆ, ಹಾಸಿಗೆ ಎಲ್ಲ ಒಳಗೇ ಇರುವ ನಮ್ಮ ಕ್ಯಾಂಪರ್ ವ್ಯಾನ್ ವರ್ಷಕ್ಕೆ ಏಳು ತಿಂಗಳು ಓಡಾಡುತ್ತದೆ, ಉಳಿದ ಐದು ತಿಂಗಳು ಶೆಡ್ಡಿನ ಪಕ್ಕ ಹೊದಿಕೆ ಹೊದ್ದು ಮಲಗುತ್ತದೆ. ಆ ಐದು ತಿಂಗಳು ಅದು ನಮ್ಮದೋ ಇಲಿಗಳದೋ ಎಂಬ ವ್ಯಾಜ್ಯ ನಾಲ್ಕು ವರ್ಷ ನಡೆಯಿತು. ಆ ವ್ಯಾಜ್ಯಕ್ಕೆಂದು ದುಡ್ಡು ಸುರಿದು ತಂದ ಸಾಮಾನುಗಳ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಮುಖ್ಯವಾಗಿ ಎರಡು. ಒಂದು, ಪ್ಲಗ್ಗಿಗೆ ಸಿಕ್ಕಿಸಿದರೆ ಅಲ್ಟ್ರಾಸಾನಿಕ್ ಶಬ್ದ ಹೊರಡಿಸಿ ಇಲಿ ಓಡಿಸುತ್ತೇನೆ ಎನ್ನುವ ಬಿಳಿ ಡಬ್ಬಿ. ಇನ್ನೊಂದು, ಸ್ಟೇನ್‌ಲೆಸ್ ಸ್ಟೀಲಿನ ಸಣ್ಣ ಕಣ್ಣಿನ ಜಾಲರಿ. ಡಬ್ಬಿಯ ಕಂಪನಿ ಯಾವುದು ಅಂತ ಕೇಳಬೇಡಿ, ಹೇಳುವುದಿಲ್ಲ. ನನ್ನ ಜಗಳ ಆ ಕಂಪನಿಯ ಜೊತೆಗಲ್ಲ, ಆ ಜಾತಿಯ ಡಬ್ಬಿಯ ಜೊತೆಗೆ.

ಮೊದಲ ವರ್ಷ ನಮಗೆ ಏನೂ ಗೊತ್ತಿರಲಿಲ್ಲ. ಬಾಗಿಲು ತೆರೆದ ಕೂಡಲೇ ಮೂಗಿಗೆ ಬಡಿದ ವಾಸನೆಯೇ ಎಲ್ಲವನ್ನೂ ಹೇಳಿತು. ಸಿಂಕಿನ ಕೆಳಗಿನ ಕಪಾಟಿನ ತುಂಬ ಅಕ್ಕಿಕಾಳಿನಷ್ಟುದ್ದದ, ಎರಡೂ ತುದಿ ಚೂಪಾದ ಕರಿ ಹಿಕ್ಕೆ. ಇಲಿಗಳ ದಂಡೇ ಬಂದಿರಬೇಕು ಅಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಒಂದು ಇಲಿಯೇ ದಿನಕ್ಕೆ 50ರಿಂದ 75 ಹಿಕ್ಕೆ ಹಾಕುತ್ತದಂತೆ. ಹಾಗಂತ ಒಂದು ಇಲಿ ಒಂದಾಗಿಯೇ ಉಳಿಯುವ ಪೈಕಿಯೂ ಅಲ್ಲ. ಬಸುರು ಮೂರೇ ವಾರ, ಒಂದು ಸಲಕ್ಕೆ ಐದಾರು ಮರಿ, ಆ ಮರಿಗಳು ಆರು ವಾರಕ್ಕೆಲ್ಲ ಪ್ರಾಯಕ್ಕೆ ಬಂದಿರುತ್ತವೆ. ನಮಗೆ ಐದು ತಿಂಗಳು, ಅವಕ್ಕೆ ಮೊಮ್ಮಕ್ಕಳನ್ನು ಕಾಣುವಷ್ಟು ಕಾಲ.

ನಮ್ಮ ಮನೆಯವರಿಗೆ ಯಂತ್ರ ಅಂದರೆ ಭಕ್ತಿ. "ನೀನಿನ್ನೂ ಬೋನು, ಪಾಷಾಣ ಅನ್ಕೊಂಡೇ ಇರು. ಇದು ವಿಜ್ಞಾನ ಕಣೇ" ಎಂದು ಎರಡು ಡಬ್ಬಿ ತರಿಸಿಯೇ ಬಿಟ್ಟರು. ಮುಷ್ಟಿಯಷ್ಟು ಗಾತ್ರ, ಮುಂದೆ ಒಂದು ನೀಲಿ ದೀಪ, ಪಕ್ಕದಲ್ಲಿ ಮೂರು ಹಂತದ ಗುಂಡಿ. ಒತ್ತಿದರೆ ನಮಗೇನೂ ಕೇಳುವುದಿಲ್ಲ, ಕೇಳಲೂಬಾರದು. ನಮ್ಮ ಕಿವಿಯ ಮಿತಿ ಹೆಚ್ಚೆಂದರೆ 20 ಕಿಲೋಹರ್ಟ್ಸ್, ಇಲಿಯ ಕಿವಿ ಅದಕ್ಕಿಂತ ಎಷ್ಟೋ ಮೇಲಿನದನ್ನು ಹಿಡಿಯುತ್ತದೆ. ಅಲ್ಲಿಯವರೆಗೆ ಡಬ್ಬಿಯವರು ಹೇಳಿದ್ದು ಸರಿಯೇ. ಆದರೆ ಕೇಳಿಸಿದ ಮಾತ್ರಕ್ಕೆ ಯಾರಾದರೂ ಮನೆ ಬಿಟ್ಟು ಹೋಗುತ್ತಾರೆಯೇ? ನಾನೂ ಮೂವತ್ತು ವರ್ಷದಿಂದ ಇವರ ಮಾತು ಕೇಳಿಸಿಕೊಳ್ಳುತ್ತಾ ಇಲ್ಲೇ ಇದ್ದೇನೆ.

ಒಂದನ್ನು ಅಡುಗೆ ಕಟ್ಟೆಯ ಮೇಲಿನ ಪ್ಲಗ್ಗಿಗೆ, ಇನ್ನೊಂದನ್ನು ಹಾಸಿಗೆಯ ತಲೆದೆಸೆಗೆ ಸಿಕ್ಕಿಸಿದರು. ಐದು ತಿಂಗಳು ಕರೆಂಟು ಬೇಕಲ್ಲ, ಅದಕ್ಕೆ ಶೆಡ್ಡಿನಿಂದ ಕೇಬಲ್ ಎಳೆದು ವ್ಯಾನಿನ ಪಕ್ಕದ ಸಣ್ಣ ಮುಚ್ಚಳದ ಮೂಲಕ ಒಳಗೆ ಬಿಟ್ಟರು. ಡಬ್ಬಿಯ ಜೊತೆ ಬಂದಿದ್ದ ಪುಸ್ತಿಕೆ ಮತ್ತು ವಾರಂಟಿ ಕಾರ್ಡನ್ನು ಜೋಪಾನವಾಗಿ ಅಡುಗೆ ಕಟ್ಟೆಯ ಡ್ರಾಯರಿನಲ್ಲಿ ಇಟ್ಟರು. ಈ ಎರಡು ವಿಷಯ ನೆನಪಿರಲಿ.

ಐದು ತಿಂಗಳು ಕಳೆದು ಬಾಗಿಲು ತೆರೆದಾಗ ನೀಲಿ ದೀಪ ನಿಷ್ಠೆಯಿಂದ ಉರಿಯುತ್ತಿತ್ತು. ಡ್ರಾಯರ್ ಎಳೆದೆ, ಅರ್ಧಕ್ಕೇ ನಿಂತಿತು. ಏನೋ ಮೆತ್ತಗೆ ಅಡ್ಡ ಬಂದಿದೆ. ಟಾರ್ಚ್ ಬಿಟ್ಟು ನೋಡಿದರೆ ಒಂದು ಗೂಡು, ಎರಡು ಅಂಗೈ ಕೂಡಿಸಿ ಬೊಗಸೆ ಮಾಡಿದಷ್ಟು. ಹೊರಗೆ ನಮ್ಮ ಹಾಸಿಗೆಯ ಹಳದಿ ಸ್ಪಂಜಿನ ತುಣುಕುಗಳು, ಅದರೊಳಗೆ ಪರದೆಯ ಅಂಚಿನ ದಾರ, ಎಲ್ಲಕ್ಕಿಂತ ಒಳಗೆ ಎಳೆ ಎಳೆಯಾಗಿ ಸೀಳಿದ ಕಾಗದ. ಅದೂ ಎಂಥ ನಾಜೂಕು ಅಂತೀರಿ, ಒಂದೊಂದು ಎಳೆಯೂ ಶ್ಯಾವಿಗೆಯಷ್ಟು ಸಣ್ಣ. ಒಂದು ಚೂರಿನ ಮೇಲೆ ನೀಲಿ ಅಕ್ಷರದಲ್ಲಿ "ವಾರಂ" ಎಂದಿತ್ತು, "ಟಿ" ಇರಲಿಲ್ಲ. ಬೆರಳಿಟ್ಟು ನೋಡಿದೆ, ಗೂಡು ಇನ್ನೂ ಬೆಚ್ಚಗಿತ್ತು. ತಲೆಯೆತ್ತಿದರೆ ಒಂದು ಗೇಣು ಮೇಲೆ ಡಬ್ಬಿ.

ಹಣ ವಾಪಸ್ ಕೇಳೋಣವೆಂದು ಮಾರಿದವರಿಗೆ ಫೋನ್ ಮಾಡಿದೆ. ವಾರಂಟಿ ಕಾರ್ಡಿನ ಫೋಟೋ ಕಳಿಸಿ ಎಂದರು. ಇಲಿ ತಿಂದಿದೆ ಎಂದೆ. ಆ ಕಡೆ ಒಂದು ಕ್ಷಣ ಸದ್ದಿಲ್ಲ. ಆಮೇಲೆ, "ಮೇಡಂ, ಕಾರ್ಡ್ ಇಲ್ಲದೆ ನಾವೇನೂ ಮಾಡೋಕಾಗಲ್ಲ." ಗೂಡಿನ ಫೋಟೋ ಕಳಿಸಿದೆ. ಅದಕ್ಕೆ ಇವತ್ತಿನವರೆಗೂ ಉತ್ತರವಿಲ್ಲ.

ಡಬ್ಬಿ ಯಾಕೆ ಸೋತಿತು ಎನ್ನುವುದರಲ್ಲಿ ಗುಟ್ಟೇನಿಲ್ಲ. ಅಷ್ಟು ಮೇಲಿನ ಶಬ್ದ ಗಾಳಿಯಲ್ಲಿ ಬೇಗ ಸೊರಗುತ್ತದೆ. ಪ್ಲೈವುಡ್ ಕಪಾಟಿನ ಬಾಗಿಲನ್ನು ದಾಟಲಾರದು, ಹಾಸಿಗೆ, ಮೆತ್ತೆ, ಪರದೆ ಅದನ್ನು ಹೀರಿಕೊಂಡುಬಿಡುತ್ತವೆ. ಕ್ಯಾಂಪರ್ ವ್ಯಾನ್ ಎಂದರೆ ಕಪಾಟು, ಮೆತ್ತೆ, ಪರದೆ ಬಿಟ್ಟರೆ ಇನ್ನೇನಿದೆ? ಮೊದಮೊದಲು ಬೆಚ್ಚುವ ಇಲಿಯೂ ಕೆಲವೇ ದಿನದಲ್ಲಿ ಒಗ್ಗಿಹೋಗುತ್ತದೆ. ಇದು ನನ್ನೊಬ್ಬಳ ಗೊಣಗಾಟವಲ್ಲ. 2001ರಲ್ಲೇ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಇಂಥ ಡಬ್ಬಿ ತಯಾರಿಸುವ, ಮಾರುವ 60ಕ್ಕೂ ಹೆಚ್ಚು ಮಂದಿಗೆ ಪತ್ರ ಬರೆದು, ನೀವು ಹೇಳಿಕೊಳ್ಳುವುದಕ್ಕೆಲ್ಲ ವೈಜ್ಞಾನಿಕ ಆಧಾರ ಇರಬೇಕು ಎಂದು ಎಚ್ಚರಿಸಿತ್ತು. ಡಬ್ಬಿಗಳು ಇನ್ನೂ ಮಾರಾಟವಾಗುತ್ತಲೇ ಇವೆ, ನಮ್ಮವರಂಥ ಭಕ್ತರಿರುವವರೆಗೂ ಆಗುತ್ತವೆ.

ಆ ಗೂಡಿಗೆ ನಾನು ಬರಿಗೈ ಹಾಕಿದ್ದು ಮಾತ್ರ ದೊಡ್ಡ ತಪ್ಪು. ಕೆಲವು ಜಾತಿಯ ಇಲಿಗಳ ಹಿಕ್ಕೆ, ಮೂತ್ರದಿಂದ ಹಂಟಾವೈರಸ್ ಎಂಬ ಅಪಾಯಕಾರಿ ರೋಗಾಣು ಹರಡುತ್ತದೆ, ಒಣಗಿದ್ದನ್ನು ಗುಡಿಸಿದರೆ ಅದರ ಧೂಳೇ ಉಸಿರಿನ ಜೊತೆ ಒಳಗೆ ಹೋಗುತ್ತದೆ. ಪೊರಕೆ ಬೇಡ, ವ್ಯಾಕ್ಯೂಮ್ ಕ್ಲೀನರ್ ಬೇಡವೇ ಬೇಡ. ಬಾಗಿಲು ಕಿಟಕಿ ತೆರೆದು ಅರ್ಧ ಗಂಟೆ ಗಾಳಿಯಾಡಲು ಬಿಡಿ. ರಬ್ಬರ್ ಕೈಗವಸು ಹಾಕಿಕೊಂಡು, 1 ಪಾಲು ಬ್ಲೀಚಿಗೆ 9 ಪಾಲು ನೀರು ಬೆರೆಸಿ ಹಿಕ್ಕೆ ಚೆನ್ನಾಗಿ ತೊಯ್ಯುವಂತೆ ಚಿಮುಕಿಸಿ, ಐದು ನಿಮಿಷ ಬಿಟ್ಟು ಕಾಗದದಲ್ಲಿ ಒರೆಸಿ ತೆಗೆಯಿರಿ.

ಈಗ ಜಾಲರಿಯ ವಿಷಯ. ಜಾಲರಿ ಹಾಕುವ ಮೊದಲು ಎಲ್ಲಿಗೆ ಹಾಕಬೇಕೆಂದು ಗೊತ್ತಾಗಬೇಕು. ಅದಕ್ಕೆ ನಾವು ಮಾಡಿದ ಉಪಾಯಕ್ಕೆ ಒಂದು ಕಾಸೂ ಖರ್ಚಿಲ್ಲ. ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ ವ್ಯಾನಿನ ಒಳಗಿನ ದೀಪಗಳನ್ನೆಲ್ಲ ಹಚ್ಚಿ, ಇವರ ಕೈಗೆ ದೊಡ್ಡ ಟಾರ್ಚ್ ಕೊಟ್ಟು ಒಳಗೆ ಕೂರಿಸಿದೆ. ನಾನು ಹಳೇ ಚಾಪೆ ಹಾಸಿಕೊಂಡು ವ್ಯಾನಿನ ಅಡಿಯಲ್ಲಿ ಅಂಗಾತ ಮಲಗಿದೆ. ಅವರು ಪ್ರತಿ ಕಪಾಟಿನೊಳಗೂ ಟಾರ್ಚ್ ಬಿಡುತ್ತಾ ಹೋದ ಹಾಗೆ ನನ್ನ ತಲೆಯ ಮೇಲೆ ಒಂದೊಂದೇ ನಕ್ಷತ್ರ ಮೂಡಿತು. ನೀರಿನ ಕೊಳವೆಯ ಸುತ್ತ ಒಂದು ಬಳೆಯಂಥ ಬೆಳಕು, ಚಕ್ರದ ಮೇಲಿನ ತಗಡು ಕೂಡುವಲ್ಲಿ ಒಂದು ಗೀಟು, ಬ್ರೇಕ್ ದೀಪದ ತಂತಿ ನುಗ್ಗುವಲ್ಲಿ ಒಂದು ಚುಕ್ಕಿ. "ರೀ, ಅಲ್ಲೇ ನಿಲ್ಲಿ, ಅಲ್ಲಾಡಬೇಡಿ" ಅನ್ನುವುದು, ಸೀಮೆಸುಣ್ಣದಲ್ಲಿ ಗುರುತು ಹಾಕುವುದು. ಒಟ್ಟು ಹನ್ನೊಂದು ಸಿಕ್ಕವು. ಒಂದೊಂದಕ್ಕೂ ಪೆನ್ಸಿಲ್ ತೂರಿಸಿ ನೋಡಿದೆ. ಸಣ್ಣ ಇಲಿಗೆ 6 ಮಿಲಿಮೀಟರ್ ಸಂದು ಸಾಕು, ಪೆನ್ಸಿಲ್ ಹೋದ ಕಡೆ ಅದು ಹೋಗುತ್ತದೆ. ಹನ್ನೊಂದರಲ್ಲಿ ಎಂಟಕ್ಕೆ ಪೆನ್ಸಿಲ್ ಹೋಯಿತು.

ಹನ್ನೆರಡನೆಯದನ್ನು ಹುಡುಕಲು ಬೆಳಕೇ ಬೇಕಿರಲಿಲ್ಲ. ಹೊರಗೆದ್ದು ಮೈ ಕೊಡವಿಕೊಳ್ಳುವಾಗ ಕಣ್ಣಿಗೆ ಬಿತ್ತು. ಡಬ್ಬಿಗೆಂದು ಕೇಬಲ್ ಎಳೆದಿದ್ದ ಆ ಮುಚ್ಚಳ! ಕೇಬಲ್ ಅಡ್ಡ ಇದ್ದದ್ದರಿಂದ ಅದು ಐದು ತಿಂಗಳೂ ಹೆಬ್ಬೆರಳಗಲ ತೆರೆದೇ ಇತ್ತು. ಶೆಡ್ಡಿನಿಂದ ವ್ಯಾನಿಗೆ ಕೇಬಲ್ ತೂಗುಸೇತುವೆಯ ಹಾಗೆ ತೂಗುತ್ತಿತ್ತು, ಅದರ ಕರಿ ರಬ್ಬರಿನ ಮೇಲೆ ಎಣ್ಣೆ ಸವರಿದಂತೆ ಜಿಡ್ಡಿನ ಗೆರೆ. ದಿನಾ ಅದೇ ದಾರಿಯಲ್ಲಿ ಓಡಾಡುವ ಇಲಿಯ ಮೈಯಿಂದ ಅಂಟುವ ಜಿಡ್ಡು ಅದು. ಅಂದರೆ, ಇಲಿ ಓಡಿಸಲು ಕರೆಂಟು ಕೊಟ್ಟ ದಾರಿಯಲ್ಲೇ ಇಲಿ ಬಂದಿತ್ತು. ಇವರನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿ, "ಕೇಬಲ್ ಎಳೆಯುವಾಗ ನೀನೂ ಇದ್ದೆಯಲ್ಲ" ಎಂದರು. ಇದ್ದೆ, ನಿಜ.

ಜಾಲರಿ ಕೊಳ್ಳುವಾಗ ಕಣ್ಣಿನ ಅಳತೆ ನೋಡಿ ಕೊಳ್ಳಿ. "ಇಲಿಗೆ" ಎಂದು ಕೇಳಿದ್ದಕ್ಕೆ ನನಗೆ ಮೊದಲು ಸಿಕ್ಕಿದ್ದು 12 ಮಿಲಿಮೀಟರ್ ಕಣ್ಣಿನದು. ಹೆಗ್ಗಣಕ್ಕೆ ಅದು ಗೋಡೆ, ಸಣ್ಣಿಲಿಗೆ ಬಾಗಿಲು. ವಾಪಸ್ ಕೊಟ್ಟು 5 ಮಿಲಿಮೀಟರಿನದು ತಂದೆ. ಕತ್ತರಿಸಲು ತಗಡಿನ ಕತ್ತರಿ ಬೇಕು, ಅಡುಗೆಮನೆಯ ಕತ್ತರಿ ಹಾಳು ಮಾಡಿಕೊಳ್ಳಬೇಡಿ. ಕತ್ತರಿಸಿದ ಅಂಚು ಸೂಜಿಯಂತೆ ಚುಚ್ಚುತ್ತದೆ, ದಪ್ಪ ಕೈಗವಸು ಹಾಕಿಕೊಂಡೂ ನನ್ನ ಎರಡು ಬೆರಳಿಗೆ ಪಟ್ಟಿ ಬಂತು. ತೂತಿಗಿಂತ ಎರಡು ಬೆರಳು ದೊಡ್ಡದಾಗಿ ಕತ್ತರಿಸಿ, ವಾಷರ್ ಇಟ್ಟು ಸ್ಕ್ರೂ ಬಿಗಿದೆ. ಕೊಳವೆಯ ಸುತ್ತ ಸಂದಿಗೆ ಉಬ್ಬುವ ಫೋಮ್ ಹೊಡೆಯುವವರಿದ್ದಾರೆ. ಬರೀ ಫೋಮ್ ಇಲಿಗೆ ಲೆಕ್ಕವೇ ಅಲ್ಲ. ಅದರ ಮುಂಬಲ್ಲು ಬದುಕಿರುವಷ್ಟು ಕಾಲ ಬೆಳೆಯುತ್ತಲೇ ಇರುತ್ತದೆ, ಕಡಿಯುವುದೇ ಅದರ ಕಸುಬು. ಮೊದಲು ಲೋಹದ ನಾರು ತುರುಕಿ, ಮೇಲೆ ಫೋಮ್ ಹೊಡೆದರೆ ಸರಿ. ಕರೆಂಟಿನ ತಂತಿಯ ಜೋಡಣೆ ಇರುವ ಕಡೆ ಮಾತ್ರ ಲೋಹದ ನಾರು ಬೇಡ, ಶಾರ್ಟ್ ಆಗುತ್ತದೆ.

ಹುರುಪಿನಲ್ಲಿ ಕಂಡ ತೂತನ್ನೆಲ್ಲ ಮುಚ್ಚುವವರಿಗೆ ಒಂದು ಮಾತು, ನಾನೂ ಮುಚ್ಚಲು ಹೊರಟಿದ್ದೆ. ಗ್ಯಾಸ್ ಸಿಲಿಂಡರ್ ಇಡುವ ಗೂಡಿನ ತಳದಲ್ಲಿರುವ ತೂತು ಬೇಕೆಂದೇ ಬಿಟ್ಟದ್ದು. ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ಕೆಳಗಿಳಿದು ಹೊರಗೆ ಹೋಗಲೆಂದು ಆ ತೂತು. ಅದಕ್ಕೆ ಬಟ್ಟೆ, ಫೋಮ್ ತುರುಕಿದರೆ ಇಲಿಯಿಂದ ಬಚಾವಾಗಬಹುದು, ಗ್ಯಾಸಿನಿಂದ ಆಗುವುದಿಲ್ಲ. ಗಾಳಿ ಸರಾಗವಾಗಿ ಹೋಗುವಂತೆ ಬರೀ ಜಾಲರಿ ಹಾಕಿ, ಕಸ ಕಟ್ಟದಂತೆ ನೋಡಿಕೊಳ್ಳಿ. ಹೀಟರಿನ ಹೊಗೆ ಕೊಳವೆಗೆ ನಾನು ನಿಲ್ಲಿಸಿಟ್ಟಿರುವಾಗ ಮಾತ್ರ ಜಾಲರಿಯ ಟೋಪಿ ಹಾಕುತ್ತೇನೆ, ಮರೆಯಬಾರದೆಂದು ಸ್ಟೀರಿಂಗಿಗೆ ಕೆಂಪು ರಿಬ್ಬನ್ ಕಟ್ಟಿರುತ್ತೇನೆ.

ಡಬ್ಬಿ ಬೇಡವಾದ ಮೇಲೆ ಕರೆಂಟು ಬೇಡ, ಕರೆಂಟು ಬೇಡವಾದ ಮೇಲೆ ಕೇಬಲ್ ಬೇಡ. ಮುಚ್ಚಳ ಗಟ್ಟಿಯಾಗಿ ಮುಚ್ಚಿತು. ಒಳಗಿನ ಸೋಪು, ಮೇಣದಬತ್ತಿಯವರೆಗೆ ಎಲ್ಲವನ್ನೂ ಮನೆಗೆ ಸಾಗಿಸಿ, ಹಾಸಿಗೆಯನ್ನು ಎತ್ತಿ ನಿಲ್ಲಿಸಿ, ಕಪಾಟುಗಳ ಬಾಗಿಲು ತೆರೆದಿಟ್ಟು ಬಂದೆವು. ಗೋಡೆಗೆ ತಾಗಿಸಿ ನಾಲ್ಕು ಕಡೆ ಮರದ ಹಲಗೆಯ ಸ್ಪ್ರಿಂಗ್ ಬೋನು, ಅದಕ್ಕೆ ಬಟಾಣಿಯಷ್ಟು ಪೀನಟ್ ಬಟರ್. ಇಲಿ ನಡುಮನೆಯಲ್ಲಿ ಓಡುವ ಪ್ರಾಣಿಯಲ್ಲ, ಗೋಡೆ ಸವರಿಕೊಂಡೇ ಹೋಗುತ್ತದೆ, ಅದಕ್ಕೇ ಬೋನಿನಲ್ಲಿ ತಿಂಡಿ ಇಟ್ಟ ತುದಿ ಗೋಡೆಯ ಕಡೆಗಿರಬೇಕು. ಬೋನು ಇಟ್ಟಿದ್ದು ಹಿಡಿಯಲು ಎನ್ನುವುದಕ್ಕಿಂತ ಸಾಕ್ಷಿಗೆ. ಎರಡು ವಾರಕ್ಕೊಮ್ಮೆ ನೋಡುತ್ತಿದ್ದೆ. ಮೂರನೆಯ ವರ್ಷ ಪೀನಟ್ ಬಟರ್ ಮೇಲೆ ಬೂಷ್ಟು ಬಂತೇ ಹೊರತು ಇಲಿ ಬರಲಿಲ್ಲ.

ನಾಲ್ಕನೆಯ ವರ್ಷ ಒಂದು ಬಂತು. ಸಿಂಕಿನ ಕೆಳಗಿನ ಬೋನಿನಲ್ಲಿ ಸಿಕ್ಕಿತ್ತು, ಬಾಲ ಬಿಟ್ಟರೆ ನನ್ನ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಜಾಲರಿಯ ತಪ್ಪಲ್ಲ, ನನ್ನ ಜಿಪುಣತನದ್ದು. ನೀರಿನ ಕೊಳವೆಯ ಸುತ್ತ ಪಾತ್ರೆ ತಿಕ್ಕುವ ಅಗ್ಗದ ಸ್ಟೀಲ್ ವೂಲ್ ತುರುಕಿದ್ದೆ. ತೇವಕ್ಕೆ ಅದು ತುಕ್ಕು ಹಿಡಿದು, ಮುಟ್ಟಿದರೆ ಕುಂಕುಮದಂತೆ ಉದುರಿತು. ಈಗ ಅಲ್ಲಿ ತಾಮ್ರದ ನಾರಿದೆ. ಅರ್ಧ ಸ್ಟಾರ್ ಕಳೆದದ್ದು ಇದಕ್ಕಲ್ಲ, ಬೆರಳು ಚುಚ್ಚಿದ್ದಕ್ಕೆ.

ಉಳಿದವನ್ನು ಎರಡೇ ಮಾತಿನಲ್ಲಿ ಹೇಳುತ್ತೇನೆ. ಪುದೀನ ಎಣ್ಣೆ: ವ್ಯಾನೆಲ್ಲ ಟೂತ್‌ಪೇಸ್ಟಿನ ಹಾಗೆ ಘಮಘಮಿಸಿತು, ಎರಡು ವಾರಕ್ಕೆ ಆವಿಯಾಗಿ ಹೋಯಿತು. ನುಸಿಗುಳಿಗೆ: ವಾಸನೆ ಮೆತ್ತೆಗೆ ಹತ್ತಿಕೊಂಡರೆ ಬಿಡದು, ಮುಚ್ಚಿದ ಜಾಗದಲ್ಲಿ ಅದರ ಆವಿ ಮನುಷ್ಯರಿಗೂ ಒಳ್ಳೆಯದಲ್ಲ. ಪಾಷಾಣ: ತಿಂದ ಇಲಿ ಕೆಲವು ದಿನ ತಿರುಗಾಡಿ, ಕೈ ಹೋಗದ ಸಂದಿಯಲ್ಲೇ ಹೋಗಿ ಸಾಯುತ್ತದೆ, ಅದನ್ನು ಹಿಡಿದು ತಿಂದ ಗೂಬೆ, ಬೆಕ್ಕಿಗೂ ವಿಷವೇರಬಹುದು. ಅಂಟಿನ ಹಲಗೆಯನ್ನು ಒಮ್ಮೆ ಇಟ್ಟಿದ್ದೆ. ಆ ಪ್ರಾಣಿ ಒದ್ದಾಡುವುದನ್ನು ನೋಡಿದ ಮೇಲೆ ಮತ್ತೆ ಕೈ ಬರಲಿಲ್ಲ.

ಈ ಸಲ ಬಾಗಿಲು ತೆರೆದಾಗ ಬರೀ ಮುಚ್ಚಿಟ್ಟ ಮರದ ವಾಸನೆ. ಎರಡು ಡಬ್ಬಿಗಳಲ್ಲಿ ಒಂದನ್ನು ಯಾರಿಗೋ ಕೊಡುತ್ತೇನೆ ಎಂದರು, ಬೇಡವೆಂದು ತಡೆದೆ. ಇನ್ನೊಂದು ನಮ್ಮ ಬಚ್ಚಲುಮನೆಯ ಪ್ಲಗ್ಗಿನಲ್ಲಿದೆ. ರಾತ್ರಿ ಎದ್ದಾಗ ಆ ನೀಲಿ ಬೆಳಕಿನಲ್ಲಿ ದಾರಿ ಚೆನ್ನಾಗಿ ಕಾಣುತ್ತದೆ. ಕೊಟ್ಟ ಆ ಒಂದು ಸ್ಟಾರ್ ಅದಕ್ಕೇ.