ಮಾತಾಡುವ ಸ್ಪೀಕರ್ ಜೊತೆ ಮೂರು ವರ್ಷ: ಚಂದ್ರಶೇಖರ್ ಅಂದರೆ ಯಾರು?

ಮೂರು ವರ್ಷದ ಹಿಂದೆ ಅಪ್ಪನಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಕೆಲವು ವಾರ ಪೇಪರ್, ಪುಸ್ತಕ ಮುಟ್ಟಬೇಡಿ ಅಂದರು ಡಾಕ್ಟರ್. ಓದದೆ ಸುಮ್ನೆ ಕೂರುವ ಜೀವ ಅಲ್ಲ ನಮ್ಮಪ್ಪ. ದೀಪಾವಳಿ ಆಫರ್ ಇತ್ತು, 3,200 ರೂಪಾಯಿ ಕೊಟ್ಟು ಈ ಮಾತಾಡುವ ಸ್ಪೀಕರ್ ತಂದೆ. ಕಂಪನಿ ಹೆಸರು ಬರೆಯುವುದಿಲ್ಲ. ಪಕ್ಕದ ಮನೆಯಲ್ಲಿ ಬೇರೆ ಕಂಪನಿಯದು ಇದೆ, ಅದೂ ಇದೇ ಜಾಗದಲ್ಲಿ ಎಡವುತ್ತದೆ. ಒಬ್ಬರನ್ನೇ ಬೈದು ಏನು ಪ್ರಯೋಜನ?

ಎಷ್ಟು ವಾಟ್, ಎಷ್ಟು ಮೈಕ್ ಎಂಬುದೆಲ್ಲ ಡಬ್ಬದ ಮೇಲೇ ಇದೆ. ಹಾಡು ಚೆನ್ನಾಗಿ ಕೇಳುತ್ತದೆ, ಅಷ್ಟು ಸಾಕು. ನಾನು ಬರೆಯಲು ಕೂತಿರುವುದು ಒಂದು ಹೆಸರಿನ ಬಗ್ಗೆ.

ನಮ್ಮ ಮನೆಯಲ್ಲಿ ಬೆಳಗಾಗುವುದು ಐದೂವರೆಗೆ. ಅಪ್ಪ ಫಿಲ್ಟರ್‌ಗೆ ಪುಡಿ ಹಾಕಿ, ಬಿಸಿನೀರು ಸುರಿದು, ಮುಚ್ಚಳದ ಮೇಲೆ ಬೆರಳಿನಿಂದ ಎರಡು ಸಲ ತಟ್ಟುತ್ತಾರೆ. ಹಾಗೆ ತಟ್ಟಿದರೆ ಡಿಕಾಕ್ಷನ್ ಬೇಗ ಇಳಿಯುತ್ತದೆ ಎಂದು ಅವರ ನಂಬಿಕೆ. ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದ ಮನುಷ್ಯ, ನಾನು ವಾದ ಮಾಡಲು ಹೋಗಿಲ್ಲ. ಡಿಕಾಕ್ಷನ್ ಇಳಿಯುವಷ್ಟು ಹೊತ್ತು ಸ್ಪೀಕರ್‌ನಲ್ಲಿ ವಿಷ್ಣು ಸಹಸ್ರನಾಮ. ಆಮೇಲೆ ಲೋಟ ಹಿಡಿದು ಅದರ ಮುಂದೆ ಕುರ್ಚಿ ಎಳೆದುಕೊಂಡು ದಿನಕ್ಕೊಂದು ಪ್ರಶ್ನೆ ಕೇಳುತ್ತಾರೆ. ಉತ್ತರ ಹಳೇ ಡೈರಿಯೊಂದಕ್ಕೆ ಹೋಗುತ್ತದೆ. ಕಣ್ಣು ಸರಿಹೋಗಿ ಎಷ್ಟೋ ದಿನವಾಯಿತು, ಈ ಅಭ್ಯಾಸ ಮಾತ್ರ ನಿಂತಿಲ್ಲ.

ಒಬ್ಬ ದೇವರ ಸಾವಿರ ಹೆಸರನ್ನು ಒಂದೂ ತಪ್ಪದೆ ಹೇಳುವ ಈ ಯಂತ್ರಕ್ಕೆ, ಒಂದೇ ಹೆಸರಿನ ನಾಲ್ಕು ಜನ ಸಿಕ್ಕರೆ ತಲೆ ಕೆಡುತ್ತದೆ.

ಮೊದಲ ಸಲ ಗೊತ್ತಾಗಿದ್ದು ಕ್ರಿಕೆಟ್ ವಿಷಯದಲ್ಲಿ. ಇದಕ್ಕೆ ಕನ್ನಡ ಬರಲ್ಲ, ಹಾಗಾಗಿ ಅಪ್ಪ ಕ್ಲಾಸ್‌ರೂಮ್ ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಕೇಳಿದರು, ಚಂದ್ರಶೇಖರ್ ಎಷ್ಟು ವಿಕೆಟ್ ತೆಗೆದರು ಅಂತ. ಅದು 1983ರ ನೊಬೆಲ್ ಪ್ರಶಸ್ತಿ, ನಕ್ಷತ್ರಗಳ ತೂಕ ಎಂದು ಶುರುಮಾಡಿತು. ಅಪ್ಪ ಲೋಟ ಕೆಳಗಿಟ್ಟರು. "ವಿಕೆಟ್ ಅಂದ್ನಪ್ಪಾ!" ಎಂದು ಕನ್ನಡದಲ್ಲೇ ಗದರಿದರು. ಅದು ಕ್ಷಮೆ ಕೇಳಿ ಸುಮ್ಮನಾಯಿತು.

ಬಿ.ಎಸ್. ಅಂತ ಸೇರಿಸಿ ಕೇಳಿದರೆ ಸರಿಯಾಗಿ ಹೇಳುತ್ತದೆ. 58 ಟೆಸ್ಟ್, 242 ವಿಕೆಟ್, 167 ರನ್. ರನ್‌ಗಿಂತ ವಿಕೆಟ್ ಜಾಸ್ತಿ! ಈ ಸಾಲು ಕೇಳಿದಾಗಲೆಲ್ಲ ಅಪ್ಪ ನಗುತ್ತಾರೆ. ಮೈಸೂರಿನಲ್ಲಿ ಹುಟ್ಟಿದ ಹುಡುಗ, ಪೋಲಿಯೋದಿಂದ ಸೊರಗಿದ ಬಲಗೈ, ಅದೇ ಕೈಯಿಂದ ಗೂಗ್ಲಿ. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್. ಅಲ್ಲಿ ನಾವು ಗೆದ್ದ ಮೊದಲ ಟೆಸ್ಟ್ ಅದು. ಇದನ್ನೆಲ್ಲ ಅಪ್ಪ ರೇಡಿಯೋಗೆ ಕಿವಿ ಅಂಟಿಸಿ ಕೇಳಿದವರು. ಅವರಿಗೆ ಉತ್ತರ ಮೊದಲೇ ಗೊತ್ತು. ಯಂತ್ರದ ಬಾಯಿಂದ ಬರಬೇಕು, ಅಷ್ಟೇ.

ಚಂದ್ರಶೇಖರ ಕಂಬಾರರ ವಿಷಯದಲ್ಲಿ ತೊಂದರೆ ಇಲ್ಲ. ಕಂಬಾರ ಎಂಬ ಬಾಲ ಇರುವುದರಿಂದ ಘೋಡಗೇರಿ, ಜ್ಞಾನಪೀಠ, ಹಂಪಿ ವಿಶ್ವವಿದ್ಯಾಲಯ ಎಲ್ಲ ಸರಾಗವಾಗಿ ಬರುತ್ತದೆ. ಉಚ್ಚಾರ ಕೇಳಿದರೆ ಕಂಬಾರರು ಎದ್ದು ಹೋಗಬಹುದು, ಅದು ಬೇರೆ ಮಾತು. ಆಜಾದರೂ ಹಾಗೆಯೇ, ಆಜಾದ್ ಅಂದರೆ ಮುಗಿಯಿತು. ಪ್ರಧಾನಿ ಚಂದ್ರಶೇಖರ್ ಬೇಕೆಂದರೆ ಪ್ರೈಮ್ ಮಿನಿಸ್ಟರ್ ಅನ್ನಬೇಕು. ಏಳು ತಿಂಗಳ ಹುದ್ದೆಯಾದರೂ ಗುರುತಿಗೆ ಉಪಯೋಗ ಆಯಿತಲ್ಲ.

ನಿಜವಾದ ರಗಳೆ ಇರುವುದು ಅಪ್ಪನ ಪ್ರೊಫೆಸರ್ ವಿಷಯದಲ್ಲಿ. ಅಪ್ಪ ಎಂ.ಎಸ್ಸಿ. ಮಾಡಿದ್ದು ಮಾನಸಗಂಗೋತ್ರಿಯಲ್ಲಿ, 1969ರಲ್ಲಿ ಮುಗಿಸಿದರು. ಆಗ ಫಿಸಿಕ್ಸ್ ವಿಭಾಗದ ಮುಖ್ಯಸ್ಥರು ಎಸ್. ಚಂದ್ರಶೇಖರ್. ದ್ರವ ಹರಳುಗಳ ಮೇಲೆ, ಅಂದರೆ ದ್ರವದ ಹಾಗೆ ಹರಿದರೂ ಹರಳಿನ ಹಾಗೆ ಅಣುಗಳು ಸಾಲಾಗಿ ನಿಲ್ಲುವ ವಸ್ತುಗಳ ಮೇಲೆ ಕೆಲಸ ಮಾಡಿದವರು. 1971ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಗೆ ಹೋದರು. ಅಲ್ಲಿ 1977ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಹೊಸ ಬಗೆಯ ದ್ರವ ಹರಳನ್ನೇ ಕಂಡುಹಿಡಿದರು. ಅದುವರೆಗೆ ಗೊತ್ತಿದ್ದವುಗಳ ಅಣುಗಳು ಕಡ್ಡಿಯ ಹಾಗೆ ಉದ್ದ. ಇವು ಬಿಲ್ಲೆಯ ಹಾಗೆ, ಒಂದರ ಮೇಲೊಂದು ನಾಣ್ಯ ಪೇರಿಸಿದಂತೆ ನಿಲ್ಲುತ್ತವೆ. ಎಲ್‌ಸಿಡಿ ಪರದೆಯನ್ನು ಪಕ್ಕದಿಂದ ನೋಡಿದರೂ ಚಿತ್ರ ಮಸುಕಾಗದಂತೆ ಮಾಡುವ ತೆಳು ಪದರಗಳಲ್ಲಿ ಮುಂದೆ ಇಂಥವೇ ಬಳಕೆಗೆ ಬಂದವು. ಅಷ್ಟು ದೊಡ್ಡ ಮನುಷ್ಯ.

ಅಪ್ಪ ಕೇಳಿದರು: ಎಸ್. ಚಂದ್ರಶೇಖರ್ ಯಾರು? ಮತ್ತೆ ನೊಬೆಲ್, ನಕ್ಷತ್ರ. ಸರಿ, ಅವರೂ ಎಸ್., ಸುಬ್ರಹ್ಮಣ್ಯನ್ ಚಂದ್ರಶೇಖರ್. ಇವರು ಶಿವರಾಮಕೃಷ್ಣ ಚಂದ್ರಶೇಖರ್. ಭೌತವಿಜ್ಞಾನಿ ಎಂದು ಸೇರಿಸಿದರು. ಇಬ್ಬರೂ ಭೌತವಿಜ್ಞಾನಿಗಳೇ. ಲಂಡನ್ನಿನ ರಾಯಲ್ ಸೊಸೈಟಿ ಫೆಲೋ ಅಂದರು. ಇಬ್ಬರೂ ಫೆಲೋಗಳೇ. ಕೊನೆಗೆ ಗೆದ್ದೆ ಎಂಬಂತೆ ನನ್ನ ಕಡೆ ನೋಡಿ, "ಸಿ.ವಿ. ರಾಮನ್ನರ ನೆಫ್ಯೂ" ಅಂದರು. ಯಂತ್ರ ಒಂದು ಕ್ಷಣವೂ ತಡೆಯದೆ ನೊಬೆಲ್ ಎಂದಿತು. ಇಬ್ಬರೂ ರಾಮನ್ನರ ನೆಫ್ಯೂಗಳೇ!

ಆ ವಾರ ಇದನ್ನು ವಾಪಸ್ ಕೊಡೋಣ ಎಂದೇ ಹೊರಟಿದ್ದೆ. ಪೂರ್ತಿ ಹೆಸರು ಹೇಳಿದರೂ ಶಿವರಾಮಕೃಷ್ಣ ಎಂಬುದನ್ನು ಕಚ್ಚಿ ತುಂಡು ಮಾಡಿ ಏನೇನೋ ಹಾಡು ಹಾಕುತ್ತಿತ್ತು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದೆ. ವೈಫೈ ಆಫ್ ಮಾಡಿ ಆನ್ ಮಾಡಿ ಅಂದರು. ವೈಫೈಗೂ ರಾಮನ್ನರ ಮನೆತನಕ್ಕೂ ಏನು ಸಂಬಂಧ?

ಅಪ್ಪನ ಕೋಪ ಮಾತ್ರ ಬೇರೆ ದಾರಿ ಹಿಡಿಯಿತು. "ಕನ್ನಡದಲ್ಲಿ ಕೇಳಿದ್ದರೆ ಈ ಗೊಂದಲವೇ ಇರ್ತಿರಲಿಲ್ಲ ಕಣೋ" ಅಂದರು. ಹೌದಲ್ವಾ? ಸುಬ್ರಹ್ಮಣ್ಯನ್ ಚಂದ್ರಶೇಖರ್ ರಾಮನ್ನರ ಅಣ್ಣನ ಮಗ. ಪ್ರೊಫೆಸರ್ ಸೋದರಿಯ ಮಗ, ಸೋದರಳಿಯ. "ಒಬ್ಬರು ಮಗನ ವರಸೆ, ಇನ್ನೊಬ್ಬರು ಅಳಿಯನ ವರಸೆ. ಎರಡನ್ನೂ ನೆಫ್ಯೂ ಅಂತ ಒಂದೇ ಚೀಲಕ್ಕೆ ತುಂಬಿದರೆ ಅದು ತಾನೇ ಏನು ಮಾಡುತ್ತೆ ಪಾಪ." ಯಂತ್ರಕ್ಕೆ ಪಾಪ ಅಂದಿದ್ದು ಅದೇ ಮೊದಲು.

ಅಲ್ಲಿಂದ ಅಪ್ಪ ಅದರ ತಪ್ಪು ಉತ್ತರಗಳನ್ನೂ ಬರೆದುಕೊಳ್ಳತೊಡಗಿದರು. ಬೇಡದ ಚಂದ್ರಶೇಖರರ ಕತೆ ವಾರಕ್ಕೆರಡು ಸಲ ಕೇಳಿ ಕೇಳಿ ಬಾಯಿಪಾಠ ಆಯಿತು. 1910ರಲ್ಲಿ ಲಾಹೋರಿನಲ್ಲಿ ಹುಟ್ಟಿದ್ದು. 1930ರ ಜುಲೈ ಕೊನೆಗೆ ಮುಂಬೈನಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟಿದ್ದು. ಹತ್ತೊಂಬತ್ತು ವರ್ಷದ ಹುಡುಗ ಆ ಪಯಣದಲ್ಲಿ ಲೆಕ್ಕ ಹಾಕುತ್ತ ಕೂತಿದ್ದು. ಸತ್ತ ನಕ್ಷತ್ರವೊಂದು ಬಿಳಿ ಕುಬ್ಜವಾಗಿ, ಅಂದರೆ ಕುಗ್ಗಿದ ಪುಟ್ಟ ದಟ್ಟ ಉಂಡೆಯಾಗಿ, ಉಳಿಯಬೇಕಾದರೆ ಅದರ ತೂಕ ಒಂದು ಮಿತಿ ದಾಟಬಾರದು ಎಂಬ ಲೆಕ್ಕ. ಸೂರ್ಯನ ಸುಮಾರು 1.4 ಪಟ್ಟು ಎಂದು ಈಗ ಹೇಳುತ್ತಾರೆ.

ಒಂದು ಬೆಳಿಗ್ಗೆ ಡೈರಿ ಹಿಡಿದು ನನ್ನ ರೂಮಿಗೆ ಬಂದರು. ಕಾಫಿ ಕೂಡ ಕುಡಿದಿರಲಿಲ್ಲ. "ನಮ್ಮ ಪ್ರೊಫೆಸರ್ ಹುಟ್ಟಿದ್ದು 1930ರ ಆಗಸ್ಟ್ 6, ಕಲ್ಕತ್ತಾದಲ್ಲಿ. ಆವತ್ತು ಆ ನೊಬೆಲ್ ಚಂದ್ರಶೇಖರ್ ಎಲ್ಲಿದ್ದರು ಹೇಳು?" ನನಗೆ ನಿದ್ದೆಗಣ್ಣು. "ಹಡಗಲ್ಲಿ ಕಣೋ! ಒಬ್ಬ ಚಂದ್ರಶೇಖರ್ ಹಡಗಲ್ಲಿ ಕೂತು ಲೆಕ್ಕ ಮಾಡ್ತಿದ್ದಾನೆ, ಇನ್ನೊಬ್ಬ ಚಂದ್ರಶೇಖರ್ ಹುಟ್ತಿದ್ದಾನೆ." ಐವತ್ತು ವರ್ಷದಿಂದ ಪ್ರೊಫೆಸರ್ ಹೆಸರು ಹೇಳುತ್ತಿದ್ದ ಅಪ್ಪನಿಗೂ ಇದು ಹೊಳೆದಿರಲಿಲ್ಲ. ಇಬ್ಬರಿಗೂ ಒಂದೇ ಹೆಸರು ಹೇಗೆ ಎಂದು ನಾನು ಕೇಳಿದೆ. ಅದಕ್ಕೂ ಉತ್ತರ ಡೈರಿಯಲ್ಲಿತ್ತು. ರಾಮನ್ನರ ಹೆಸರಿನ ಸಿ ಅಂದರೆ ಚಂದ್ರಶೇಖರ, ಅವರ ತಂದೆಯ ಹೆಸರು. ಒಬ್ಬರಿಗೆ ಅಪ್ಪನ ಕಡೆಯ ತಾತ, ಇನ್ನೊಬ್ಬರಿಗೆ ಅಮ್ಮನ ಕಡೆಯ ತಾತ, ಮನುಷ್ಯ ಒಬ್ಬರೇ.

ಈ ಸ್ಪೀಕರ್ ಸರಿಯಾಗಿ ಕೆಲಸ ಮಾಡಿದ್ದರೆ ನಮಗೆ ಇದು ತಿಳಿಯುತ್ತಿರಲಿಲ್ಲ. ಹಾಗಂತ ಕಂಪನಿಗೆ ಇದರ ಪುಣ್ಯ ಕೊಡಲು ನಾನು ತಯಾರಿಲ್ಲ. ನನ್ನಿಂದ ಐದಕ್ಕೆ ಮೂರು ಸ್ಟಾರ್. ಅಪ್ಪ ಕೊಟ್ಟರೆ ನಾಲ್ಕು ಕೊಟ್ಟಾರು.

ಉಳಿದ ದೂರುಗಳು ಸಣ್ಣವು. ಅಡಾಪ್ಟರ್ ವೈರ್ ಗಿಡ್ಡ, ಎಕ್ಸ್‌ಟೆನ್ಷನ್ ಬೋರ್ಡ್ ಬೇಕೇ ಬೇಕು. ಕರೆಂಟ್ ಹೋಗಿ ಬಂದರೆ ನಡುರಾತ್ರಿಯಲ್ಲೂ ಜೋರಾಗಿ ನಮಸ್ಕಾರ ಹೇಳುತ್ತದೆ. ಬ್ಯಾಟರಿ ಇಲ್ಲ, ಪವರ್‌ಕಟ್ ಜಾಸ್ತಿ ಇರುವ ಊರಿನವರು ಯೋಚಿಸಿ. ಜಾಹೀರಾತಿಲ್ಲದೆ ಹಾಡು ಬೇಕೆಂದರೆ ತಿಂಗಳ ಚಂದಾ ಕಟ್ಟಬೇಕು. ನಾವು ಕಟ್ಟಿಲ್ಲ. ಸಹಸ್ರನಾಮದ ನಡುವೆ ಪ್ರೆಷರ್ ಕುಕ್ಕರ್ ಜಾಹೀರಾತು ಬರುತ್ತದೆ, ಅಮ್ಮ ಅದಕ್ಕೆ ಒಗ್ಗಿಕೊಂಡಿದ್ದಾರೆ.

ಹೆಸರಿನ ತೊಂದರೆಗೆ ಕೊನೆಗೆ ನಾವೇ ಒಂದು ಮದ್ದು ಹುಡುಕಿದೆವು. ಅಪ್ಪನ ಫೋನಿನಲ್ಲಿ ಮೂವರು ಚಂದ್ರುಗಳಿದ್ದಾರೆ: ಹಾಲಿನ ಚಂದ್ರು, ನಲ್ಲಿ ಚಂದ್ರು, ಗ್ಯಾಸ್ ಚಂದ್ರು. ಇವತ್ತಿನವರೆಗೆ ಹಾಲು ಬೇಕೆಂದು ಯಾರೂ ಪ್ಲಂಬರ್‌ನನ್ನು ಕರೆದಿಲ್ಲ. ಆ್ಯಪ್‌ನಲ್ಲಿ ರೊಟೀನ್ ಎಂಬ ಸೌಲಭ್ಯ ಇದೆ. ನೀವು ಇಂಥ ಮಾತು ಹೇಳಿದರೆ ಅದು ಇಂಥ ಉತ್ತರ ಕೊಡಬೇಕು ಎಂದು ಬರೆದಿಡಬಹುದು. ಗೂಗ್ಲಿ ಚಂದ್ರು, ನಕ್ಷತ್ರ ಚಂದ್ರು, ಹರಳು ಚಂದ್ರು ಎಂದು ಮೂರು ರೊಟೀನ್ ಮಾಡಿದೆ. ಹರಳು ಚಂದ್ರುವಿನ ಉತ್ತರವನ್ನು ಅಪ್ಪನೇ ಹೇಳಿ ಬರೆಸಿದರು, ಹನ್ನೊಂದು ವಾಕ್ಯ. ಗುರುಗಳನ್ನು ಚಂದ್ರು ಅನ್ನುವುದಕ್ಕೆ ಎರಡು ದಿನ ಹಿಂದೆಮುಂದೆ ನೋಡಿದರು, ಆಮೇಲೆ ಒಪ್ಪಿದರು.

ಈಗ ಕೇಳಿದವರ ಬಗ್ಗೆಯೇ ಉತ್ತರ ಬರುತ್ತದೆ. ಆದರೆ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದ್ದಲ್ವಾ, ಮಾನಸಗಂಗೋತ್ರಿ ಎಂಬಲ್ಲಿಗೆ ಬಂದಾಗ "ಮನಸ ಗ್ಯಾಂಗೊಟ್ರಿ" ಅನ್ನುತ್ತದೆ. ಅಪ್ಪ ಪ್ರತಿಸಲ ಲೋಟ ಕೆಳಗಿಟ್ಟು, "ಗಂಗೋತ್ರಿ, ಗಂಗೋತ್ರಿ" ಎಂದು ತಿದ್ದುತ್ತಾರೆ.