ಬೀಗ ತೆಗೆಯಲು ಸೇರಿಸಿಕೊಂಡವನು ಬಾಯಿ ಮುಚ್ಚುವುದೇ ಇಲ್ಲ: ಬಾಲ್ಡರ್ಸ್ ಗೇಟ್ 2

ಬಾಲ್ಡರ್ಸ್ ಗೇಟ್ 2 ಅನ್ನುವ ಈ ಕಂಪ್ಯೂಟರ್ ರೋಲ್-ಪ್ಲೇಯಿಂಗ್ ಆಟ ಮೊದಲು ಬಂದದ್ದು 2000ದಲ್ಲಿ. ನಾನು ವರ್ಷಗಳಿಂದ ಆಡುತ್ತಿರುವುದು ಅದನ್ನೇ ಹೊಸದು ಮಾಡಿ ಬಿಟ್ಟ 2013ರ ಎನ್‌ಹ್ಯಾನ್ಸ್ಡ್ ಎಡಿಷನ್. ಸೇಲ್ ಇದ್ದಾಗ ತಗೊಂಡದ್ದು. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಓಡುತ್ತದೆ, ಫ್ಯಾನ್ ಕೂಡ ಕಿರುಚುವುದಿಲ್ಲ. ಕಥೆ ಚೆನ್ನಾಗಿದೆಯಾ, ವಿಲನ್ ಹೇಗಿದ್ದಾನೆ ಅಂತ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ತಂಡ ಕಟ್ಟುವುದರ ಬಗ್ಗೆ ಮಾತ್ರ ಬರೆಯುತ್ತೇನೆ. ಈ ಆಟದಲ್ಲಿ ನನ್ನ ತಲೆ ತಿಂದದ್ದೂ ಅದೇ, ಬಿಡದೆ ಆಡಿಸಿದ್ದೂ ಅದೇ.

ನಿಮ್ಮನ್ನೂ ಸೇರಿಸಿ ತಂಡದಲ್ಲಿ ಆರೇ ಜನ. ಸೇರಲು ಕಾಯುತ್ತಿರುವವರು ಹದಿನೈದಕ್ಕೂ ಹೆಚ್ಚು ಮಂದಿ ಇದ್ದಾರೆ. ಶತ್ರುವನ್ನು ಕೊಂದಾಗ ಸಿಗುವ ಎಕ್ಸ್‌ಪಿ (ಅನುಭವದ ಅಂಕ) ಇದ್ದವರ ನಡುವೆ ಹಂಚಿಹೋಗುತ್ತದೆ. ಹಾಗಾಗಿ ನಾಲ್ಕು ಜನರ ತಂಡ ಬೇಗ ಬೇಗ ಲೆವೆಲ್ ಏರುತ್ತದೆ, ಆರು ಜನರದ್ದು ನಿಧಾನ. ನನಗೆ ಆರು ಜನ ಇದ್ದರೇ ಸಮಾಧಾನ. ಇಬ್ಬರು ಮುಂದೆ ನಿಂತು ಹೊಡೆಯೋಕೆ, ಒಬ್ಬರು ಗಾಯ ವಾಸಿ ಮಾಡೋಕೆ, ಇಬ್ಬರು ಮಂತ್ರಕ್ಕೆ, ಒಬ್ಬ ಕಳ್ಳ. ಕಾಗದದ ಮೇಲೆ ಲೆಕ್ಕ ಸಲೀಸು. ಆದರೆ ಇವರು ಮನುಷ್ಯರ ಥರ ಜಗಳವಾಡುತ್ತಾರಲ್ಲ, ಎಡವಟ್ಟು ಶುರುವಾಗುವುದೇ ಅಲ್ಲಿ.

ಗಾಯ ವಾಸಿ ಮಾಡುವ ಪಾದ್ರಿಯ ಜಾಗವನ್ನೇ ನೋಡಿ. ಎಲ್ಲರೂ ಹೊಗಳುವುದು ವಿಕೋನಿಯಾಳನ್ನು. ಡ್ರೌ, ಅಂದರೆ ನೆಲದಡಿಯ ಕಪ್ಪು ಎಲ್ಫ್ ಕುಲದ ಹೆಂಗಸು, ಮಂತ್ರಕ್ಕೆ ಸುಲಭವಾಗಿ ಬಗ್ಗುವ ಮೈಯಲ್ಲ. ಅತ್ಕಾಟ್ಲಾ ಊರಿನ ಸರ್ಕಾರಿ ಬಡಾವಣೆಯಲ್ಲಿ ಅವಳನ್ನು ಕಂಬಕ್ಕೆ ಕಟ್ಟಿ ಸುಡಲು ಹೊರಟಿರುತ್ತಾರೆ, ನೀವು ಬಿಡಿಸಬೇಕು. ಬಿಡಿಸಿ ಸೇರಿಸಿಕೊಂಡ ತಕ್ಷಣ ನಿಮ್ಮ ಹೆಸರು ಒಂದಿಷ್ಟು ಕೆಡುತ್ತದೆ. ಅದು ಸರಿ ಬಿಡಿ. ಆಮೇಲಿನದು ನನಗೆ ಉರಿಯುವ ವಿಷಯ. ಈ ಹೆಸರಿನ ಅಂಕ, ರೆಪ್ಯುಟೇಶನ್, 20ರವರೆಗೆ ಇದೆ. ಜನರಿಗೆ ಸಹಾಯ ಮಾಡುತ್ತಾ ಹೋದರೆ ಅದು ತಾನಾಗಿ ಏರುತ್ತದೆ, ಅಂಗಡಿಯಲ್ಲಿ ಬೆಲೆಯೂ ಇಳಿಯುತ್ತದೆ. ಆದರೆ ಹೆಸರು ತುದಿಗೆ ಬಂತೋ, ವಿಕೋನಿಯಾಳಂಥ ಕೆಟ್ಟ ಗುಂಪಿನವರು ಮೊದಲು ಗೊಣಗುತ್ತಾರೆ, ಆಮೇಲೆ ಗಂಟುಮೂಟೆ ಕಟ್ಟುತ್ತಾರೆ. ಇನ್ನೊಬ್ಬರಿಗೆ ಒಳ್ಳೆಯದು ಮಾಡಿದ್ದಕ್ಕೆ ನಮ್ಮ ಪಾದ್ರಿ ಕೆಲಸ ಬಿಟ್ಟು ಹೋಗುವುದಾ? ಹೆಸರು ಕೆಡಿಸಿಕೊಳ್ಳೋಕೆ ದಾರಿಯಲ್ಲಿ ಹೋಗುವ ಬಡಪಾಯಿಯನ್ನು ಕೊಲ್ಲಿ ಅಂತ ಸಲಹೆ ಕೊಡುವವರಿದ್ದಾರೆ. ಆಟವೇ ಆದರೂ ನನ್ನ ಕೈ ಏಳುವುದಿಲ್ಲ.

ಇದರ ಮೇಲೆ ಕೆಲ್ಡಾರ್ನ್ ಬೇರೆ. ವಯಸ್ಸಾದ ಪಾಲಡಿನ್ (ಧರ್ಮಯೋಧ), ಅದರಲ್ಲೂ ಮಂತ್ರವಾದಿಗಳನ್ನು ಬೇಟೆಯಾಡುವ ಇನ್‌ಕ್ವಿಸಿಟರ್. ಶತ್ರು ಮಂತ್ರವಾದಿಗಳ ಎಷ್ಟೋ ರಕ್ಷಣೆಗಳನ್ನು ಒಂದೇ ಏಟಿಗೆ ಅಳಿಸಿಹಾಕುವ ಡಿಸ್ಪೆಲ್ ಅವನದು. ಅವನಿದ್ದರೆ ಅರ್ಧ ಆಟ ಗೆದ್ದಂತೆ. ಆದರೆ ಅವನನ್ನೂ ವಿಕೋನಿಯಾಳನ್ನೂ ಒಟ್ಟಿಗೆ ಇಟ್ಟುಕೊಂಡರೆ ಮಾತು ಬೆಳೆದು ಬೆಳೆದು ಒಂದು ದಿನ ಕತ್ತಿ ಹಿರಿಯುತ್ತಾರೆ. ನಾನು ಕೆಲ್ಡಾರ್ನ್‌ನನ್ನೇ ಉಳಿಸಿಕೊಂಡೆ. ಪಾದ್ರಿಯ ಜಾಗಕ್ಕೆ ಸರ್ಕಸ್‌ನಲ್ಲಿ ಸಿಗುವ ಏರಿ ಬಂದಳು. ರೆಕ್ಕೆ ಕಳೆದುಕೊಂಡ ಹುಡುಗಿ, ಮಾತು ಮಾತಿಗೂ ಅದರದೇ ಗೋಳು. ಎರಡೇಟು ಬಿದ್ದರೆ ನೆಲಕ್ಕೆ ಬೀಳುತ್ತಾಳೆ. ಆದರೆ ಪಾದ್ರಿಯೂ ಹೌದು, ಮಂತ್ರವಾದಿಯೂ ಹೌದು. ನನ್ನ ಹೆಸರು ಎಷ್ಟೇ ಏರಲಿ, ಅವಳ ತಕರಾರಿಲ್ಲ.

ಉಳಿದದ್ದು ಕಳ್ಳನ ಜಾಗ. ಈ ಆಟದ ದೊಡ್ಡ ಕೊರತೆಯೇ ಇದು, ಯಾರೂ ಸರಿಯಾಗಿ ಹೇಳುವುದಿಲ್ಲ. ಇಮೋಯೆನ್ ಕಳ್ಳತನ ಬಿಟ್ಟು ಮಂತ್ರ ಹಿಡಿದವಳು, ಅವಳ ಕಳ್ಳ ವಿದ್ಯೆ 7ನೇ ಲೆವೆಲ್‌ಗೇ ನಿಂತುಬಿಟ್ಟಿದೆ. ಅವಳನ್ನೂ ಆಟದ ಶುರುವಿನಲ್ಲೇ ಹಿಡಿದುಕೊಂಡು ಹೋಗುತ್ತಾರೆ. ಅವಳ ಹಾಗೇ ಕಳ್ಳತನ ಬಿಟ್ಟು ಮಂತ್ರ ಹಿಡಿದ ನಾಲಿಯಾಳದು ಇನ್ನೂ ಕಡಿಮೆ, 4. ಯೋಶಿಮೊ ಅಪ್ಪಟ ಕಳ್ಳ, ಶುರುವಿನಲ್ಲೇ ಸಿಗುತ್ತಾನೆ. ಅವನ ಬಗ್ಗೆ ಜಾಸ್ತಿ ಹೇಳಿದರೆ ಕಥೆ ಹೇಳಿಬಿಟ್ಟಂತೆ. ಸುಮ್ನೆ ಒಂದು ಮಾತು: ಬೆಲೆಬಾಳುವ ಸಾಮಾನೆಲ್ಲ ಅವನ ಹತ್ತಿರ ಇಡಬೇಡಿ. ಬೀಗಕ್ಕಾದರೆ ನಾಕ್ ಮಂತ್ರ ಇದೆ. ನೆಲದಲ್ಲೋ ಪೆಟ್ಟಿಗೆಯಲ್ಲೋ ಅಡಗಿಸಿಟ್ಟ ಬಲೆಯನ್ನು (ಟ್ರ್ಯಾಪ್) ಪಾದ್ರಿ ಮಂತ್ರದಿಂದ ಕಂಡುಹಿಡಿಯಬಹುದು, ಬಿಚ್ಚೋಕೆ ಮಾತ್ರ ಕಳ್ಳನೇ ಬೇಕು.

ಹೀಗಾಗಿ ಬೇರೆ ದಾರಿಯಿಲ್ಲದೆ ಜ್ಯಾನ್ ಜ್ಯಾನ್ಸನ್‌ನನ್ನು ಸೇರಿಸಿಕೊಂಡೆ. ವಿಕೋನಿಯಾಳನ್ನು ಸುಡಲು ಹೊರಟ ಅದೇ ಸರ್ಕಾರಿ ಬಡಾವಣೆಯಲ್ಲಿ ನಿಂತು, ಪರವಾನಗಿ ಇಲ್ಲದ ಆಯುಧ ಮಾರುವ, ನೋಮ್ ಅನ್ನುವ ಕುಳ್ಳರ ಕುಲದವನು. ಅಧಿಕಾರಿ ಬಂದು ವಿಚಾರಿಸಿದರೆ ಟರ್ನಿಪ್ ಗೆಡ್ಡೆ ಮಾರುತ್ತಿದ್ದೇನೆ ಅನ್ನುತ್ತಾನೆ. ಇಲ್ಯೂಷನಿಸ್ಟ್ (ಕಣ್ಕಟ್ಟಿನ ಮಂತ್ರವಾದಿ) ಮತ್ತು ಕಳ್ಳ, ಎರಡೂ ಒಟ್ಟಿಗೆ. ಎಕ್ಸ್‌ಪಿ ಎರಡು ಪಾಲಾಗುವುದರಿಂದ ಬೆಳವಣಿಗೆ ನಿಧಾನ. ನೆಕ್ರೊಮನ್ಸಿ (ಸಾವಿಗೆ ಸಂಬಂಧಿಸಿದ) ಮಂತ್ರ ಒಂದೂ ಬರುವುದಿಲ್ಲ, ಅಂದರೆ ಸ್ಕಲ್ ಟ್ರ್ಯಾಪ್‌ನಂಥ ಒಳ್ಳೊಳ್ಳೆಯ ಏಟುಗಳು ಕೈಬಿಟ್ಟವು. ಬಾಯಿ ತೆರೆದರೆ ಟರ್ನಿಪ್, ಇಲ್ಲ ಅಂದರೆ ಯಾವುದೋ ಚಿಕ್ಕಪ್ಪನ ಕಥೆ. ಮೊದಮೊದಲು ಅವನು ಮಾತು ಶುರು ಮಾಡಿದರೆ ಓದದೆ ಕ್ಲಿಕ್ ಮಾಡಿ ದಾಟಿಸುತ್ತಿದ್ದೆ.

ಆದರೆ ಅವನ ಜೊತೆ ಕೆಲಸ ಮಾಡುವ ಖುಷಿಯೇ ಬೇರೆ ಅಂತ ನಿಧಾನವಾಗಿ ಗೊತ್ತಾಯಿತು. ಈಗ ರಾತ್ರಿ ಊಟ ಮುಗಿಸಿ ಕೂತರೆ ನನ್ನ ಮೊದಲ ಕೆಲಸ ಛತ್ರದಲ್ಲಿ ಅವನ ಮಂತ್ರದ ಪುಸ್ತಕ ತೆಗೆಯುವುದು. ಇಲ್ಲಿ ಯಾವ ಮಂತ್ರ ಎಷ್ಟು ಸಲ ಬೇಕು ಅಂತ ಮೊದಲೇ ಆರಿಸಿಟ್ಟು ಮಲಗಬೇಕು. ಇಲ್ಯೂಷನಿಸ್ಟ್ ಆದ್ದರಿಂದ ಅವನಿಗೆ ಪ್ರತಿ ಹಂತದಲ್ಲೂ ಒಂದು ಮಂತ್ರ ಹೆಚ್ಚು. ಸುಳ್ಳು ಪ್ರತಿರೂಪ ಹುಟ್ಟಿಸುವ ಮಿರರ್ ಇಮೇಜ್ ಎರಡು, ಮಾಯವಾಗಲು ಇನ್‌ವಿಸಿಬಿಲಿಟಿ ಒಂದು, ಶತ್ರುವಿನ ಮಂತ್ರದ ರಕ್ಷಣೆ ಮುರಿಯುವ ಬ್ರೀಚ್ ಒಂದು. ಸ್ಟೋನ್‌ಸ್ಕಿನ್ ಅನ್ನು ಮಲಗುವ ಮುಂಚೆಯೇ ಹಾಕಿಬಿಡುತ್ತೇನೆ. ಅದು ಹನ್ನೆರಡು ಗಂಟೆ ಇರುತ್ತದೆ, ನಿದ್ದೆ ಎಂಟೇ ಗಂಟೆ. ಬೆಳಗ್ಗೆ ಎದ್ದಾಗ ಚರ್ಮವೂ ಗಟ್ಟಿ, ಮಂತ್ರವೂ ವಾಪಸ್. ಹೊರಡುವ ಮುಂಚೆ ಮಂತ್ರ ಬರೆದ ಸ್ಕ್ರಾಲೆಲ್ಲ ಸ್ಕ್ರಾಲ್ ಕೇಸಿಗೆ, ಹರಳೆಲ್ಲ ಹರಳಿನ ಚೀಲಕ್ಕೆ. ಏನಾದರೂ ಕೊಳ್ಳುವುದಿದ್ದರೆ ಸರ್ಕಸ್ ಗುಡಾರದಲ್ಲಿ ಸಿಕ್ಕ, ಕರಿಸ್ಮಾವನ್ನು (ಜನರನ್ನು ಸೆಳೆಯುವ ಗುಣ, ಹೆಚ್ಚಿದ್ದರೆ ಬೆಲೆ ಇಳಿಯುತ್ತದೆ) 18 ಮಾಡುವ ಉಂಗುರವನ್ನು ನನ್ನ ಪಾತ್ರಕ್ಕೆ ತೊಡಿಸಿ, ಮೊದಲ ಜಾಗದಲ್ಲಿ ನಿಲ್ಲಿಸಿ, ಅಂಗಡಿಯವನ ಹತ್ತಿರ ಅವನಿಂದಲೇ ಮಾತಾಡಿಸುತ್ತೇನೆ. ವ್ಯಾಪಾರ ಮುಗಿದ ಮೇಲೆ ಉಂಗುರ ಬಿಚ್ಚಿ ಹಳೇದು ಹಾಕುತ್ತೇನೆ. ಹೊಡೆದಾಟಕ್ಕಿಂತ ಈ ಅರ್ಧ ಗಂಟೆಯೇ ನನಗೆ ಜಾಸ್ತಿ ಇಷ್ಟ ಅಂದರೆ ಮನೆಯವರು ನಗುತ್ತಾರೆ.

ಗುಹೆಯೊಳಗೆ ಹೋದ ಮೇಲೆ ಅವನದೇ ದರ್ಬಾರು. ದೊಡ್ಡ ಶತ್ರು ಇರುವ ಜಾಗಕ್ಕೆ ಮುಂಚೆಯೇ ಹೋಗಿ ಬಲೆ ಇಟ್ಟು ಬರುತ್ತಾನೆ. ಶತ್ರು ಕಣ್ಣೆದುರಿಗೆ ಇದ್ದರೆ ಇಡೋಕಾಗಲ್ಲ, ಅದಕ್ಕೇ ಮುಂಚೆ ಹೋಗಬೇಕು. ಲೆವೆಲ್ ಏರಿದ ಮೇಲೆ ಮಿಸ್‌ಲೀಡ್ ಬರುತ್ತದೆ. ಅವನ ಥರದ್ದೇ ಒಂದು ಗೊಂಬೆ ಎದುರಿಗೆ ನಿಲ್ಲುತ್ತದೆ, ಅವನು ಮಾಯ. ಆ ಗೊಂಬೆ ಇರುವವರೆಗೂ ಅವನು ಹಿಂದಿನಿಂದ ಇರಿದ ಒಂದೊಂದು ಏಟೂ ಬ್ಯಾಕ್‌ಸ್ಟ್ಯಾಬ್, ಅಂದರೆ ಹಲವು ಪಟ್ಟು ಪೆಟ್ಟು. ನಿಧಾನ ಬೆಳೆದರೇನಂತೆ!

ಬೇಜಾರಿನ ವಿಷಯವೂ ಇದೆ, ಅದು ಇವತ್ತಿಗೂ ಸರಿಹೋಗಿಲ್ಲ. ಬಲೆ ಹುಡುಕಲು ಜ್ಯಾನ್ ಮುಂದೆ ಹೆಜ್ಜೆ ಹೆಜ್ಜೆಯಾಗಿ ಹೋಗಬೇಕು, ಉಳಿದವರು ಹಿಂದೆ ನಿಲ್ಲಬೇಕು. ಇಕ್ಕಟ್ಟಾದ ಓಣಿಯಲ್ಲಿ ಎಲ್ಲರನ್ನೂ ಒಟ್ಟಿಗೆ ಕಳುಹಿಸಿದರೆ ಒಬ್ಬರಿಗೊಬ್ಬರು ಅಡ್ಡ ನಿಂತು, ಯಾರಾದರೂ ಒಬ್ಬರು ಬಂದ ದಾರಿಯಲ್ಲೇ ಹಿಂದೆ ಹೊರಟು ಬಿಡುತ್ತಾರೆ. ಶತ್ರು ಕಂಡರಂತೂ ಕೆಲ್ಡಾರ್ನ್ ಕತ್ತಿ ಎತ್ತಿಕೊಂಡು ಬಲೆಯ ಮೇಲೇ ಓಡುತ್ತಾನೆ. ಒಬ್ಬರು ಹಿಂದೆ ಉಳಿದರೂ ಬಾಗಿಲ ಹತ್ತಿರ ಅದೇ ಗಂಭೀರ ದನಿ: ಮುಂದೆ ಹೋಗುವ ಮುಂಚೆ ತಂಡದವರನ್ನೆಲ್ಲ ಒಟ್ಟಿಗೆ ಸೇರಿಸಿ. ಅಯ್ಯಾ, ಅದನ್ನೇ ತಾನೇ ಮಾಡ್ತಾ ಇರೋದು! ಹೊಸಬರಿಗೆ ಎರಡು ಕಿವಿಮಾತು. ಬಲೆ ಕಂಡ ಕೂಡಲೇ ಆಟ ತಾನಾಗಿ ನಿಲ್ಲುವ ಹಾಗೆ ಆಟೋ-ಪಾಸ್ ಹಾಕಿಕೊಳ್ಳಿ. ತಂಡದವರು ತಾವಾಗಿ ಮುನ್ನುಗ್ಗದ ಹಾಗೆ ಗುಹೆಯೊಳಗೆ ತಂಡದ ಎಐ ಬಟನ್ ಆಫ್ ಮಾಡಿಬಿಡಿ.

ಜ್ಯಾನ್‌ನ ಮಾತಿಗೆ ವಾಪಸ್ ಬರುತ್ತೇನೆ. ಈಗ ಒಂದನ್ನೂ ದಾಟಿಸುವುದಿಲ್ಲ. ತಂಡದ ಗಂಭೀರ ಮುಖದವರನ್ನು ಆರಿಸಿಕೊಂಡು ಅವರ ಹತ್ತಿರವೇ ತಲೆಬುಡವಿಲ್ಲದ ಕಥೆ ಶುರು ಮಾಡುತ್ತಾನೆ. ಅವರು ಸಿಟ್ಟಾದಷ್ಟೂ ಕಥೆ ಉದ್ದ. ಹಾಸ್ಯದ ಪಾತ್ರ ಇಷ್ಟೇ ಅಂದುಕೊಂಡಿರುವಾಗ ಅವನ ಮನೆಯಿಂದ ಕರೆ ಬರುತ್ತದೆ. ಅವನು ಹಿಂದೆ ಪ್ರೀತಿಸಿದವಳು ಇನ್ನೊಬ್ಬನನ್ನು ಮದುವೆಯಾಗಿದ್ದಾಳೆ, ಅವಳ ಮಗುವಿಗೆ ಹುಷಾರಿಲ್ಲ. ಜ್ಯಾನ್ ತಂಡ ಬಿಟ್ಟು ಕೊಳೆಗೇರಿಯ ತನ್ನ ಮನೆಗೆ ಹೊರಡುತ್ತಾನೆ. ಅಷ್ಟು ದಿನ ಬೀಗ ಬಲೆಯ ಲೆಕ್ಕದಲ್ಲಿ ಇಟ್ಟುಕೊಂಡವನು ಇಲ್ಲದಾಗ ತಂಡ ಎಷ್ಟು ಸಪ್ಪೆ ಅನ್ನಿಸಿತು ಅಂದರೆ, ನಾನು ಉಳಿದ ಕೆಲಸ ಎಲ್ಲ ಬಿಟ್ಟು ಅವನ ಕೆಲಸವನ್ನೇ ಮೊದಲು ಮುಗಿಸಿದೆ. ಮುಗಿದ ರೀತಿ ನನಗೆ ಇಷ್ಟವಾಗಲಿಲ್ಲ, ಅವನಿಗೆ ಇನ್ನೂ ಒಳ್ಳೆಯದಾಗಬೇಕಿತ್ತು. ಬರೆದವರ ಮೇಲೆ ಆ ಸಿಟ್ಟು ಹಾಗೇ ಇದೆ.

ಎನ್‌ಹ್ಯಾನ್ಸ್ಡ್ ಎಡಿಷನ್‌ಗೆಂದೇ ಸೇರಿಸಿದ ಹೊಸಬರಲ್ಲಿ ನೀರಾ, ರಸಾದ್, ಡಾರ್ನ್ ಇವರನ್ನೆಲ್ಲ ಒಮ್ಮೆ ಕರೆದುಕೊಂಡು ನೋಡಿದೆ. ಕೆಟ್ಟವರಲ್ಲ, ಆದರೆ ಹಳಬರ ಜೊತೆ ಅವರ ಮಾತು ಅಷ್ಟು ಹೊಂದುವುದಿಲ್ಲ. ನನ್ನ ಖಾಯಂ ತಂಡ: ನಾನು ಫೈಟರ್, ಜಹೀರಾ, ಕೆಲ್ಡಾರ್ನ್, ಏರಿ, ಜ್ಯಾನ್, ಆಮೇಲೆ ಸಿಕ್ಕಾಗ ಇಮೋಯೆನ್. ಇದಕ್ಕಿಂತ ಬಲವಾದ ತಂಡ ಕಟ್ಟಬಹುದು, ಎಡ್ವಿನ್‌ನಂಥ ಮಂತ್ರವಾದಿ ಇದ್ದರೆ ಕಾಳಗಗಳು ಚಿಟಿಕೆ ಹೊಡೆಯುವಷ್ಟರಲ್ಲಿ ಮುಗಿಯುತ್ತವೆ. ನನಗೆ ಅಷ್ಟು ಅವಸರವಿಲ್ಲ.

ಓದುವ ತಾಳ್ಮೆ ಇಲ್ಲದವರು ತಗೊಳ್ಳಬೇಡಿ, ರಾಶಿ ರಾಶಿ ಇಂಗ್ಲಿಷ್ ಇದೆ. ತಗೊಳ್ಳುವವರು ಸೇಲ್ ಬರುವವರೆಗೆ ಕಾಯಿರಿ. ಈ ಕಥೆಯ ಮುಂದುವರಿದ ಭಾಗವಾದ 2001ರ ಥ್ರೋನ್ ಆಫ್ ಭಾಲ್ ಇದರೊಳಗೇ ಸೇರಿದೆ, ಬೇರೆ ದುಡ್ಡು ಕೊಡಬೇಕಿಲ್ಲ. ಫೋನಿಗೂ ಸಿಗುತ್ತದೆ, ಆದರೆ ಆರು ಜನರ ಚೀಲದ ಸಾಮಾನನ್ನು ಅಷ್ಟು ಚಿಕ್ಕ ಪರದೆಯಲ್ಲಿ ಬೆರಳಿನಿಂದ ಎಳೆದು ಇಡೋದು ಕಷ್ಟ. ಮೌಸ್ ಇಟ್ಟುಕೊಂಡೇ ಆಡಿ.